ಜಪಕ್ಕೆ ಹೊಲಿದ ಚೌಕಗಳು

ಐದು ಕೆಂಪು ತುಂಡು, ನಾಲ್ಕು ಬಿಳಿ ತುಂಡು. ನಾಲ್ಕು ಮೂಲೆಗೂ ನಡುವಿಗೂ ಕೆಂಪು, ಉಳಿದ ಕಡೆ ಬಿಳಿ. ಒಂಬತ್ತನ್ನೂ ಕೂಡಿಸಿದರೆ ಒಂಬತ್ತು ಇಂಚಿನ ಒಂದು ಚೌಕ. ಅಂಥ ಎಂಬತ್ತು ಚೌಕ ಕೂಡಿಸಿದರೆ ಹತ್ತಿ ತುಂಬಿ ಹೊದೆಯುವ ಒಂದು ಗೋದಡಿಯ ಮೇಲ್ಪದರ. ಇಪ್ಪತ್ತನಾಲ್ಕು ಮೇಲ್ಪದರ ಬೇಕೆಂದು ರಫ್ತಿನ ಏಜೆಂಟರು ಹೇಳಿದಾಗ ನಮ್ಮ ಹೊಲಿಗೆ ಕೋಣೆಯ ಸಿಸ್ಟರ್ ಸಂತೋಷದಿಂದ ತಲೆಯಾಡಿಸಿದರು. ನಾನು ಮನಸ್ಸಿನಲ್ಲೇ ಗುಣಿಸಿ ನೋಡಿದೆ. ಸಾವಿರದ ಒಂಬೈನೂರ ಇಪ್ಪತ್ತು ಚೌಕ, ಎಲ್ಲವೂ ಒಂದೇ. ಎಲ್ಲಾದರೂ ಒಂದು ಹಳದಿಯೋ ಹಸಿರೋ ಇದ್ದಿದ್ದರೆ ಎಂದು ಆಗಲೇ ಅನ್ನಿಸಿತು.

ಇದು ಅರವತ್ತರ ದಶಕದ ಆರಂಭದ ಮಾತು. ನಾನು ಕುಲಶೇಖರದಿಂದ ದಿನಾ ನಡೆದುಕೊಂಡು ಬಂದು ಮಂಗಳೂರು ಪೇಟೆಯೊಳಗಿನ ಒಂದು ಕಾನ್ವೆಂಟಿನ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆ. ನಾವು ಆರು ಮಂದಿ ಹೆಂಗಸರು. ನಾನು ಕೆಲಸ ಹಂಚುವವಳು, ಲೆಕ್ಕ ಇಡುವವಳು, ಉಳಿದ ಹೊತ್ತು ಎಲ್ಲರ ಜೊತೆ ಹೊಲಿಯುವವಳು. ಮಕ್ಕಳ ದೀಕ್ಷಾಸ್ನಾನದ ಅಂಗಿ, ಚರ್ಚಿನ ಬಲಿಪೀಠಕ್ಕೆ ಹಾಸುವ ಅಲ್ತಾರಿನ ಬಟ್ಟೆ, ಶಾಲೆಯ ಲಂಗ ಇವೇ ನಮ್ಮ ಕೆಲಸ. ಅದೂ ಕಡಿಮೆಯಾಗುತ್ತಾ ಬಂದಿತ್ತು. ಕೋಣೆಯನ್ನು ಮುಚ್ಚಿ ಶಾಲೆಗೆ ಕೊಡಬೇಕೆಂದು ಕಾನ್ವೆಂಟಿನ ಮುಖ್ಯಸ್ಥೆ ಮದರ್ ಎರಡು ಸಲ ಹೇಳಿಯೂ ಆಗಿತ್ತು. ಅಂಥ ಹೊತ್ತಿಗೆ ಈ ಆರ್ಡರು ಬಂತು. ಇದು ಸರಿಯಾಗಿ ಹೋದರೆ ವರ್ಷವರ್ಷವೂ ಕೆಲಸ, ಕೋಣೆ ಉಳಿಯುತ್ತದೆ. ಹೋಗದಿದ್ದರೆ ಬೀಗ.

ಬೀಗ ಬಿದ್ದರೆ ಹೆಚ್ಚು ಹೊಡೆತ ಯಾರಿಗೆ ಎಂಬುದು ನಮಗೆಲ್ಲರಿಗೂ ಗೊತ್ತಿತ್ತು. ನಮ್ಮಲ್ಲಿ ಒಬ್ಬಳು ತುಳು ಮಾತಾಡುವ ವಿಧವೆ, ನನಗಿಂತ ಹತ್ತು ವರ್ಷ ದೊಡ್ಡವಳು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಗೇರುಬೀಜದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬೀಜ ಒಡೆದು ಬಂದವಳು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಅವಳ ಬೆರಳ ತುದಿಗಳು ಕಪ್ಪಾಗಿ, ಚರ್ಮ ಸುಲಿದು, ಅನ್ನ ಕಲಸಿದರೆ ಉರಿಯುವಷ್ಟು ಆಗಿದ್ದವು. ಸಿಸ್ಟರ್ ಅದನ್ನು ನೋಡಿ ನಮ್ಮ ಕೋಣೆಗೆ ಕರೆತಂದಿದ್ದರು. ವರ್ಷವಾಗುವಾಗ ಹೊಸ ಚರ್ಮ ಬಂತು. ಸೂಜಿ ಹಿಡಿಯಲು ಇನ್ನೂ ನೋವು, ಆದ್ದರಿಂದ ಅವಳಿಗೆ ಇಸ್ತ್ರಿಯ ಕೆಲಸ ಕೊಟ್ಟಿದ್ದೆವು. ತೆಂಗಿನ ಗೆರಟೆಯ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಹಿಡಿಯುವುದು ಅವಳಿಗೆ ಸುಖದ ಕೆಲಸವಂತೆ. "ಇದು ಎಂತ ಬಿಸಿ, ಬಾಯಮ್ಮ? ಬಿಸಿ ಅಂದರೆ ಎಂತ ಅಂತ ನನಗೆ ಗೊತ್ತುಂಟು," ಎಂದು ನಗುತ್ತಿದ್ದಳು. ನಮ್ಮಂಥ ಕ್ರೈಸ್ತ ಹೆಂಗಸರನ್ನು ಊರವರು ಬಾಯಿ, ಬಾಯಮ್ಮ ಎಂದೇ ಕರೆಯುವುದು. ಕೋಣೆ ಮುಚ್ಚಿದರೆ ಅವಳಿಗೆ ಕಾರ್ಖಾನೆಯಲ್ಲದೆ ಬೇರೆ ದಾರಿ ಇರಲಿಲ್ಲ.

ನಾವು ಐವರು ಮಾತಾಡುತ್ತಿದ್ದುದು ಕೊಂಕಣಿ, ಅಕ್ಕನೊಡನೆ ತುಳು, ಏಜೆಂಟರು ಬಂದರೆ ಮಾತ್ರ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಏಜೆಂಟರು ಪರದೇಶದಿಂದ ಬಂದ ಮಾದರಿಯನ್ನು ಮೇಜಿನ ಮೇಲೆ ಹಾಸಿ ನಿಯಮಗಳನ್ನು ಹೇಳಿದರು. "ಮೆಷಿನ್ ಹೊಲಿಗೆ ಬೇಡ, ಕೈಹೊಲಿಗೆಯೇ ಆಗ್ಬೇಕು. ಒಳಗಿನ ಹತ್ತಿ, ಅಡಿಯ ಬಟ್ಟೆ ಅವರು ಅಲ್ಲೇ ಹಾಕಿಕೊಳ್ತಾರೆ. ನಿಮ್ಮದು ಮೇಲ್ಪದರ ಮಾತ್ರ. ಆದರೆ ಮೂಲೆಗೆ ಮೂಲೆ ಕೂಡಬೇಕು. ಮತ್ತೆ ಮಳೆಗಾಲಕ್ಕೆ ಬಂದರು ಮುಚ್ಚುವ ಮೊದಲಿನ ಕಡೆಯ ಹಡಗಿಗೆ ಹೋಗ್ಬೇಕು. ಅದು ತಪ್ಪಿದರೆ ನಮಗೆ ಬೇಡ."

ಜನವರಿಯಲ್ಲಿ ಶುರು ಮಾಡಿದೆವು. ತಗಡಿನ ಅಚ್ಚು ಇಟ್ಟು ಸೀಸದ ಕಡ್ಡಿಯಲ್ಲಿ ಗೆರೆ ಎಳೆದು, ಮೂರೂವರೆ ಇಂಚಿನ ತುಂಡುಗಳನ್ನು ನಾನೇ ಕತ್ತರಿಸಿದೆ. ಸುತ್ತಲೂ ಕಾಲಿಂಚು ಹೊಲಿಗೆಗೆ ಹೋದರೆ ಉಳಿಯುವುದು ಮೂರು ಇಂಚು. ಮೊದಲು ಮೂರು ಮೂರು ತುಂಡು ಕೂಡಿಸಿ ಮೂರು ಪಟ್ಟಿ, ಆಮೇಲೆ ಮೂರು ಪಟ್ಟಿ ಕೂಡಿಸಿ ಚೌಕ. ಒಬ್ಬೊಬ್ಬರು ದಿನಕ್ಕೆ ಐದು ಚೌಕ ಮಾಡುತ್ತಿದ್ದೆವು. ಮೊದಲ ವಾರ ಹೊಸತರ ಹುಮ್ಮಸ್ಸು. ಎರಡನೆಯ ವಾರ ಆಕಳಿಕೆ. ಮೂರನೆಯ ವಾರ ಕೆಂಪಿನ ಜಾಗಕ್ಕೆ ಬಿಳಿ ಬಂತು, ಬಿಳಿಯ ಜಾಗಕ್ಕೆ ಕೆಂಪು ಬಂತು, ಒಬ್ಬಳಂತೂ ಚೌಕವನ್ನು ತನ್ನ ಸೀರೆಗೇ ಸೇರಿಸಿ ಹೊಲಿದುಕೊಂಡು ಎದ್ದು ನಿಂತಳು. ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೆ ಮತ್ತೆ ಅದೇ ಕೆಂಪು, ಅದೇ ಬಿಳಿ.

ಬೇಸರ ಅಂದರೆ ಸಣ್ಣ ಸಂಗತಿಯೆಂದು ನಾನು ತಿಳಿದಿದ್ದೆ. ಹಾಗಲ್ಲ. ಅದು ಕೈಯೊಳಗೆ ಇಳಿಯುತ್ತದೆ. ಸೂಜಿ ಭಾರವಾಗುತ್ತದೆ, ಐದು ನಿಮಿಷಕ್ಕೊಮ್ಮೆ ಬಾಯಾರುತ್ತದೆ, ಪಕ್ಕದವಳ ಉಸಿರಾಟದ ಸದ್ದೂ ಸಿಟ್ಟು ತರಿಸುತ್ತದೆ. ದಿನಕ್ಕೆ ಐದಾಗುತ್ತಿದ್ದ ಚೌಕ ಮೂರಕ್ಕೆ ಇಳಿಯಿತು. ಈ ವೇಗದಲ್ಲಿ ಹೋದರೆ ಹಡಗು ಹೋದ ಮೇಲೂ ನಾವು ಹೊಲಿಯುತ್ತಿರುತ್ತೇವೆ ಎಂದು ಲೆಕ್ಕ ಹೇಳುತ್ತಿತ್ತು.

ನಾನು ಉಪಾಯಗಳನ್ನು ಮಾಡಿದೆ. ಒಬ್ಬಳು ಪಟ್ಟಿಗಳನ್ನು ಮಾತ್ರ ಹೊಲಿಯಲಿ, ಇನ್ನೊಬ್ಬಳು ಅವನ್ನು ಕೂಡಿಸಲಿ ಎಂದು ಹಂಚಿ ನೋಡಿದೆ. ಕೆಲಸ ಬೇಗ ಆಯಿತು, ಆದರೆ ಒಂಬತ್ತು ತುಂಡಿನ ಬೇಸರ ಮೂರು ತುಂಡಿನ ಬೇಸರವಾಗಿ ಇನ್ನೂ ಗಟ್ಟಿಯಾಯಿತು. ಎರಡನೆಯ ದಿನವೇ ಇಬ್ಬರು ಜಗಳ ಆಡಿದರು. ಕುಳಿತುಕೊಳ್ಳುವ ಜಾಗ ಬದಲಿಸಿದೆ. ಯಾರು ಮೊದಲು ಐದು ಮುಗಿಸುತ್ತಾರೆಂದು ಪಂಥ ಕಟ್ಟಿಸಿದೆ, ಹೊಲಿಗೆಯ ಟಾಕುಗಳು ಜೋಳದ ಕಾಳಿನಷ್ಟು ದೊಡ್ಡವಾದವು. ಕಥೆ ಹೇಳಿಸಿದೆ. ಕಥೆಯ ರುಚಿ ಹೆಚ್ಚಿದ ಹಾಗೆ ಕೈಗಳು ನಿಂತವು.

ಆಗ ತಪಸ್ಸಿನ ಕಾಲ ಬಂತು. ಪಾಸ್ಖಾ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಆ ನಲವತ್ತು ದಿನಗಳಲ್ಲಿ ನಮ್ಮ ಮನೆಗಳಲ್ಲಿ ಹಾಡು ಹರಟೆ ಕಡಿಮೆ, ತೇರ್ಸು ಹೆಚ್ಚು. ಜಪಮಣಿ ಹಿಡಿದು ಹೇಳುವ ಜಪವನ್ನು ನಾವು ತೇರ್ಸು ಎನ್ನುತ್ತೇವೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಬಾಯಿ ಒಬ್ಬರಿದ್ದರು. ಅವರು ತಮ್ಮ ಅಜ್ಜಿ ಹೇಳುತ್ತಿದ್ದ ಹಾಗೆ ತೇರ್ಸನ್ನು ಎಳೆದು ಎಳೆದು ರಾಗದಲ್ಲಿ ಹೇಳಬಲ್ಲವರು. ಒಂದು ಸಣ್ಣ ಜಪಕ್ಕೆ ಎರಡು ನಿಮಿಷಕ್ಕೂ ಹೆಚ್ಚು. ಒಂದು ಮಧ್ಯಾಹ್ನ ಅವರು ತಮ್ಮಷ್ಟಕ್ಕೆ ಗುನುಗುತ್ತಿದ್ದಾಗ ನಾನು ಅವರ ಕೈ ನೋಡಿದೆ. ಒಂದು ಜಪ ಮುಗಿಯುವಾಗ ಮೂರು ಇಂಚಿನ ಒಂದು ಹೊಲಿಗೆ ಮುಗಿದಿತ್ತು.

ನಾನು ಕಾಗದದ ಮೇಲೆ ಎಣಿಸಿದೆ. ಚೌಕದಲ್ಲಿ ಆರು ಗಿಡ್ಡ ಹೊಲಿಗೆ. ಎರಡು ಉದ್ದ ಹೊಲಿಗೆ, ಒಂದೊಂದೂ ಮೂರು ಗಿಡ್ಡದಷ್ಟು. ಒಟ್ಟು ಹನ್ನೆರಡು. ತೇರ್ಸಿನ ಒಂದು ಸುತ್ತಿನಲ್ಲಿ ಮೊದಲು ಪರಲೋಕದ ತಂದೆಗೆ ಒಂದು ಜಪ, ಆಮೇಲೆ ಮಾತೆಗೆ ಹತ್ತು, ಕಡೆಗೆ ಒಂದು ಮಹಿಮೆಯ ಜಪ. ಒಟ್ಟು ಹನ್ನೆರಡು. ಒಂದು ಸುತ್ತಿಗೆ ಒಂದು ಚೌಕ! ಇದನ್ನು ದೇವರೇ ತೋರಿಸಿದ್ದು ಎಂದು ಸಿಸ್ಟರ್ ಹೇಳಿದರು. ನಾನೂ ನಂಬಿದೆ.

ಮರುದಿನದಿಂದ ಬೆಳಿಗ್ಗೆ ಐದು ಸುತ್ತು, ಮಧ್ಯಾಹ್ನ ಐದು ಸುತ್ತು. ಹಿರಿಯ ಬಾಯಿ ಅರ್ಧ ಹೇಳುತ್ತಿದ್ದರು, ನಾವು ನಾಲ್ವರು ಉಳಿದರ್ಧ ಹೇಳುತ್ತಿದ್ದೆವು, ಐದು ಸೂಜಿಗಳು ಒಟ್ಟಿಗೆ ಓಡುತ್ತಿದ್ದವು. ಪ್ರತಿ ಜಪದ ಕಡೆಯ ಆಮೆನ್‌ಗೆ ಐದು ಕೈಗಳು ಒಟ್ಟಿಗೆ ಮೇಲೆದ್ದು ದಾರ ಎಳೆಯುತ್ತಿದ್ದವು. ಅದನ್ನು ನೋಡಲು ಕಾನ್ವೆಂಟಿನ ಬೇರೆ ಸಿಸ್ಟರುಗಳೂ ಬಾಗಿಲಲ್ಲಿ ನಿಲ್ಲುತ್ತಿದ್ದರು. ದಿನಕ್ಕೆ ಒಬ್ಬೊಬ್ಬಳಿಗೆ ಹತ್ತು ಚೌಕ! ಯಾರಿಗೂ ಆಕಳಿಕೆ ಇಲ್ಲ, ಜಗಳ ಇಲ್ಲ. ಬೆಳಿಗ್ಗೆ ಕೋಣೆಗೆ ಬರಲು ಮನಸ್ಸಾಗುತ್ತಿತ್ತು. ಈ ಕೆಲಸದಲ್ಲಿ ನಾನು ನಿಜವಾಗಿ ಸಂತೋಷವಾಗಿದ್ದುದು ಆ ಐದಾರು ವಾರ ಮಾತ್ರ.

ತೇರ್ಸು ಹೇಳದೆ ಇದ್ದವಳು ಅಕ್ಕ ಒಬ್ಬಳೇ. ಅವಳು ಕಿಟಕಿಯ ಬಳಿ ನಿಂತು, ಮುಗಿದ ಚೌಕಗಳಿಗೆ ಇಸ್ತ್ರಿ ಹಾಕಿ ಹತ್ತು ಹತ್ತರ ಕಟ್ಟು ಮಾಡುತ್ತಿದ್ದಳು. ಒಂದು ದಿನ ಊಟದ ಹೊತ್ತಿಗೆ ನಾಲ್ಕು ಚೌಕಗಳನ್ನು ಹಿಡಿದುಕೊಂಡು ನನ್ನ ಬಳಿ ಬಂದಳು.

"ಬಾಯಮ್ಮ, ಈ ಒಂದು ಬದಿ ನೋಡಿ. ಹೊಲಿಗೆ ಒಳಗೆ ಎಳೆದುಕೊಂಡಿದೆ, ಮೂಲೆ ಕಿವಿಯ ಹಾಗೆ ಹೊರಗೆ ಬಂದಿದೆ. ಯಾವಾಗಲೂ ಇದೇ ಬದಿ. ಇದು ಎಂತಕ್ಕೆ ಹೀಗೆ?"

ನಾನು ಆ ದಿನದ ಎಣಿಕೆ ಬರೆಯುತ್ತಿದ್ದೆ. ಸಾವಿರ ದಾಟಿತ್ತು. ತಲೆ ಎತ್ತದೆ, "ಇಸ್ತ್ರಿಯಲ್ಲಿ ಎಳೆದರೆ ಸರಿಯಾಗ್ತದೆ ಅಕ್ಕ," ಎಂದೆ.

"ಎಳೆದೆ. ಆಗ್ಲಿಲ್ಲ."

"ಹಾಗಾದರೆ ಕಿವಿ ಕತ್ತರಿಸಿ ಅಂಚು ನೇರ ಮಾಡಿ ಇಡಿ."

"ಕತ್ತರಿಸಬಹುದಾ?"

"ಒಂದು ನೂಲಿನಷ್ಟು ಅಲ್ವಾ? ಕತ್ತರಿಸಿ."

ಅವಳು ಕತ್ತರಿಸಿದಳು. ಆ ದಿನದಿಂದ ಇಸ್ತ್ರಿಪೆಟ್ಟಿಗೆಯ ಪಕ್ಕ ಒಂದು ಕತ್ತರಿಯೂ ಇರುತ್ತಿತ್ತು. ಹೊಸ ಚೌಕಗಳನ್ನು ಮಾತ್ರವಲ್ಲ, ಕಟ್ಟು ಬಿಚ್ಚಿ ಹಿಂದಿನವನ್ನೂ ನೇರ ಮಾಡಿಟ್ಟಳು. ಹೇಳಿದ ಕೆಲಸವನ್ನು ಅರ್ಧ ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಅವಳು ಕಂಡದ್ದನ್ನು ನಾನು ಒಂದು ಅಳತೆಪಟ್ಟಿ ಇಟ್ಟು ನೋಡಿದ್ದರೆ ಸಾಕಿತ್ತು. ಆದರೆ ನಾನು ಆಗ ಅಳೆಯುವುದನ್ನೇ ಬಿಟ್ಟಿದ್ದೆ. ಜಪಗಳು ಹನ್ನೆರಡು ಸರಿಯಾಗಿದ್ದರೆ ಚೌಕವೂ ಸರಿ ಎಂದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು.

ಪಾಸ್ಖಾ ಹಬ್ಬ ಮುಗಿದ ವಾರದಲ್ಲಿ ಚೌಕಗಳ ಎಣಿಕೆ ಪೂರ್ತಿಯಾಯಿತು. ಹಡಗಿಗೆ ಇನ್ನು ಒಂದೇ ತಿಂಗಳು. ಜೋಡಣೆ ಶುರು ಮಾಡಿದೆವು. ಮೊದಲ ನಾಲ್ಕು ಮೇಲ್ಪದರಗಳಿಗೆ ತೇರ್ಸಿಗೆ ಮುಂಚಿನ ಚೌಕಗಳು ಬಂದವು. ಅವು ಮೇಜಿನ ಮೇಲೆ ನೆಟ್ಟಗೆ ಮಲಗಿದವು. ಐದನೆಯದರ ಮೊದಲ ಸಾಲಿಗೆ ಎಂಟು ಚೌಕ ಕೂಡಿಸಿ ಹಾಸಿದಾಗ ಸಾಲು ಬೀಸಣಿಗೆಯ ಹಾಗೆ ಬಾಗಿತು. ಕೈಯಲ್ಲಿ ಎಳೆದು ನೇರ ಮಾಡಿದೆವು, ಬಿಟ್ಟ ಕೂಡಲೇ ಮತ್ತೆ ಬಾಗಿತು. ಇನ್ನೊಂದು ಸಾಲು ಮಾಡಿದೆವು. ಅದೂ ಬಾಗಿತು, ಅದೇ ಕಡೆಗೆ.

ಅಳತೆಪಟ್ಟಿ ತಂದೆ. ಪ್ರತಿ ಚೌಕವೂ ಮೇಲಿನ ಅಂಚಿನಲ್ಲಿ ಸರಿ, ಕೆಳಗಿನ ಅಂಚಿನಲ್ಲಿ ಕಾಲಿಂಚು ಕಡಿಮೆ. ಒಂದನ್ನು ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿದೆ. ಎರಡನೆಯ ಉದ್ದ ಹೊಲಿಗೆಯ ಕಡೆಯ ಮೂರು ಇಂಚಿನಲ್ಲಿ ಟಾಕುಗಳು ದೊಡ್ಡವು, ದಾರ ಬಿಗಿದು ಬಟ್ಟೆ ಸುಕ್ಕಾಗಿತ್ತು. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಐದು ಜನರ ಕೈಯಲ್ಲೂ ಅದೇ ಜಾಗ, ಅದೇ ಸುಕ್ಕು. ಹಿರಿಯ ಬಾಯಿ ಪಕ್ಕದಲ್ಲಿ ನಿಂತು ನೋಡಿದರು. ಅವರ ತುಟಿ ಅಲ್ಲಾಡುತ್ತಿತ್ತು. ಜಪ ಹೇಳುತ್ತಾ ಹೊಲಿಗೆಯ ಮೇಲೆ ಬೆರಳು ಓಡಿಸುತ್ತಿದ್ದರು.

"ಮಗಳೇ, ಇದು ಮಹಿಮೆಯ ಜಪದ ಜಾಗ," ಎಂದರು. "ಅದು ಗಿಡ್ಡ ಅಲ್ವಾ. ಬೇಗ ಮುಗೀತದೆ. ಆಮೆನ್ ಬಂತು ಅಂತ ನಾವು ಎಳೆದದ್ದು."

ಅಷ್ಟೇ ಆಗಿತ್ತು. ಹನ್ನೊಂದು ಜಪಗಳು ಮೂರು ಇಂಚಿಗೆ ಸಾಕಾಗುತ್ತಿದ್ದವು, ಹನ್ನೆರಡನೆಯದು ಸಾಕಾಗುತ್ತಿರಲಿಲ್ಲ. ಸಂಖ್ಯೆ ಸರಿಯಿತ್ತು, ಉದ್ದ ಸರಿಯಿರಲಿಲ್ಲ. ಹದಿನೈದು ನೂರಕ್ಕಿಂತ ಹೆಚ್ಚು ಚೌಕಗಳಲ್ಲಿ ಒಂದೇ ತಪ್ಪನ್ನು ಭಕ್ತಿಯಿಂದ ಹೊಲಿದಿದ್ದೆವು. ನಮಗೆ ಬೇಸರ ಹೋಗಿತ್ತು, ಜೊತೆಗೆ ಕಣ್ಣೂ ಹೋಗಿತ್ತು.

ಆ ಮೂರು ಇಂಚನ್ನು ಮಾತ್ರ ಬಿಚ್ಚಿ ಮತ್ತೆ ಹೊಲಿದರೆ ಆಗುತ್ತಿತ್ತು. ಕೂಡಲೇ ಒಂದನ್ನು ಬಿಚ್ಚಿ ನೋಡಿದೆ. ಸುಕ್ಕು ಬಿಟ್ಟಿತು, ಬಟ್ಟೆ ಹರಡಿತು. ಆದರೆ ಕಿವಿ ಕತ್ತರಿಸಿದ ಕಡೆ ಬಟ್ಟೆಯೇ ಇರಲಿಲ್ಲ. ಕತ್ತರಿಸಿದ ಬದಿಯ ತುಂಡುಗಳನ್ನೇ ತೆಗೆದು ಹೊಸತು ಹಾಕಬೇಕು. ಅಷ್ಟು ಬಟ್ಟೆಯೂ ಇರಲಿಲ್ಲ, ಅಷ್ಟು ದಿನವೂ ಇರಲಿಲ್ಲ.

ಸಿಸ್ಟರ್ ಕೇಳಿದರು, "ಉಳಿದ ಬಟ್ಟೆಯಲ್ಲಿ ಎಷ್ಟು ಆಗ್ತದೋ ಅಷ್ಟು ಬಿಚ್ಚಿ ಸರಿ ಮಾಡುವಾ? ಏಜೆಂಟರಿಗೆ ಸತ್ಯ ಹೇಳುವ. ಎಂಟೋ ಹತ್ತೋ ಕೊಟ್ಟರೂ ಆಯಿತಲ್ಲ?"

ನಾನು ಆ ರಾತ್ರಿಯೆಲ್ಲ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಿಂತ ನಿಲುವಿನಲ್ಲೇ ನಿರ್ಧಾರ ಮಾಡಿದೆ. ಚೌಕದ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಒಂದು ಬಿಟ್ಟು ಒಂದನ್ನು ತಲೆಕೆಳಗು ಮಾಡಿ ಕೂಡಿಸಿದರೆ ಬಾಗು ಬಾಗಿಗೆ ತೀರುತ್ತದೆ. ಈ ಚೌಕವನ್ನು ತಿರುಗಿಸಿದರೂ ನೋಡಲು ಒಂದೇ. "ಬಿಚ್ಚುದು ಬೇಡ ಸಿಸ್ಟರ್, ಎಲ್ಲವನ್ನೂ ಕೊಡುವ," ಎಂದೆ. ಒಂದು ಸಾಲು ಮಾಡಿ ತೋರಿಸಿದೆ. ಸಾಲು ನೇರವಾಗಿತ್ತು. ಅಕ್ಕ ಕಿಟಕಿಯ ಬಳಿಯಿಂದ ಬಂದು ಸಾಲಿನ ಮೇಲೆ ಕೈ ಸವರಿ, "ಬಚಾವಾಯಿತು ಬಾಯಮ್ಮ," ಎಂದಳು.

ಮೂರೂವರೆ ವಾರ ಜೋಡಿಸಿದೆವು. ಜಪ ಇಲ್ಲ, ಕಥೆ ಇಲ್ಲ. ಯಾರಿಗೂ ಬೇಸರವೂ ಬರಲಿಲ್ಲ, ಯಾಕೆಂದರೆ ಪ್ರತಿ ಚೌಕವನ್ನೂ ಈಗ ನೋಡಲೇಬೇಕಾಗಿತ್ತು. ಇದರ ಕಿರಿದು ಯಾವ ಕಡೆ, ಅದರ ಅಗಲ ಯಾವ ಕಡೆ? ಒಂದೇ ಎಂದುಕೊಂಡಿದ್ದ ಚೌಕಗಳು ಒಂದೇ ಆಗಿರಲಿಲ್ಲ. ಹಿರಿಯ ಬಾಯಿಯ ಟಾಕು ಸಾಸಿವೆಯ ಹಾಗೆ, ಸೀರೆಗೆ ಸೇರಿಸಿ ಹೊಲಿದುಕೊಂಡವಳದು ಸ್ವಲ್ಪ ಓರೆ, ನನ್ನದು ಮೊದಲು ಸಣ್ಣ ಆಮೇಲೆ ಅವಸರ. ನೋಡಿದ ಕೂಡಲೇ ಯಾರದ್ದೆಂದು ಹೇಳಬಹುದಿತ್ತು. ಮೊದಲ ದಿನದಿಂದ ಹೀಗೆ ನೋಡಿದ್ದರೆ ಸಾವಿರದ ಒಂಬೈನೂರ ಇಪ್ಪತ್ತು ಚೌಕವೂ ಬೇಸರ ತರುತ್ತಿರಲಿಲ್ಲವೇನೋ. ಈ ಬುದ್ಧಿ ಬರುವಾಗ ಎಲ್ಲ ಮುಗಿದಿತ್ತು.

ಏಜೆಂಟರು ಬಂದು ಮೊದಲ ನಾಲ್ಕನ್ನು ನೋಡಿ ತಲೆಯಾಡಿಸಿದರು. ಐದನೆಯದರ ಮೇಲೆ ಮಾದರಿಯನ್ನು ಹಾಸಿದರು. ಇಡೀ ಮೇಲ್ಪದರ ಒಂದು ಇಂಚು ಕಿರಿದು. ಅದನ್ನು ಅವರು ಬಿಡುತ್ತಿದ್ದರೋ ಏನೋ. ಆದರೆ ಬಗ್ಗಿ ಚೌಕಗಳು ಕೂಡುವ ಜಾಗ ನೋಡಿದರು. ತಲೆಕೆಳಗು ಮಾಡಿದ್ದರಿಂದ ಕೆಂಪು ಮೂಲೆಗಳು ಒಂದಕ್ಕೊಂದು ತಾಗದೆ ಅಲ್ಲಲ್ಲಿ ಮೆಟ್ಟಿಲಿನ ಹಾಗೆ ನಿಂತಿದ್ದವು. ಆರನೆಯದು, ಏಳನೆಯದು, ಎಲ್ಲ ಹಾಗೆಯೇ. ಒಂದರ ಹೊಲಿಗೆ ಬಿಡಿಸಿ ಒಳಗಿನ ಅಂಚು ತೋರಿಸಿದರು.

"ಇದಕ್ಕೆ ಕತ್ತರಿ ಬಿದ್ದಿದೆ. ಹೊಲಿದ ಮೇಲೆ ಚೌಕವನ್ನು ಯಾರಾದರೂ ಕತ್ತರಿಸ್ತಾರಾ? ಯಾರು ಕತ್ತರಿಸಿದ್ದು?"

ಸಿಸ್ಟರ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ನಾನು," ಎಂದಳು ಅಕ್ಕ.

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಮಾತಾಡುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಏಜೆಂಟರು ನಾಲ್ಕನ್ನು ತೆಗೆದುಕೊಂಡು ಹೋದರು. ಇಪ್ಪತ್ತು ಮೇಜಿನ ಮೇಲೆ ಉಳಿದವು. ಆ ವಾರವೇ ಮದರ್ ಶಾಲೆಯವರಿಗೆ ಕೋಣೆ ತೋರಿಸಿದರು. ಸಿಸ್ಟರ್ ನನ್ನನ್ನು ಹೊರಗೆ ಜಗಲಿಯ ಕಟ್ಟೆಯ ಮೇಲೆ ಕೂರಿಸಿ ಮಾತಾಡಿದರು. ಅವರ ಕಣ್ಣು ಕೆಂಪಾಗಿತ್ತು.

"ಮೂಲೆಯ ಸಣ್ಣ ಕೋಣೆಯಲ್ಲಿ ಒಬ್ಬಳನ್ನು ಇಟ್ಟುಕೊಳ್ಳಬಹುದು ಅಂತ ಮದರ್ ಹೇಳಿದ್ದಾರೆ. ಅಲ್ತಾರಿನ ಬಟ್ಟೆ ಒಗೆದು ಇಸ್ತ್ರಿ ಮಾಡ್ಲಿಕ್ಕೆ, ಹರಿದದ್ದು ಹೊಲೀಲಿಕ್ಕೆ. ನಾನು ಅವಳನ್ನೇ ಇಟ್ಟುಕೊಳ್ಳುವ ಅಂತ ಇದ್ದೆ. ಆ ಕೈ ಹಿಡಿದುಕೊಂಡು ಪುನಃ ಬೀಜ ಒಡೀಲಿಕ್ಕೆ ಹೋಗುದು ಅಂದರೆ ಹೇಗೆ ಹೇಳು? ಆದರೆ ಯಾರನ್ನೂ ಕೇಳದೆ ಕತ್ತರಿ ಹಾಕಿದವಳ ಕೈಗೆ ಅಲ್ತಾರಿನ ಬಟ್ಟೆ ಕೊಡ್ಲಿಕ್ಕೆ ಮದರ್ ಒಪ್ಪುದಿಲ್ಲ. ಇನ್ನು ನಿನ್ನನ್ನೇ ಇಟ್ಟುಕೊಳ್ಳಬೇಕಷ್ಟೆ. ಅವಳು ನಿನ್ನನ್ನಾದರೂ ಒಂದು ಮಾತು ಕೇಳಬೇಕಿತ್ತು. ಅಲ್ವಾ?"

ನನಗೆ ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ ಇದ್ದರು. ಈ ಕೆಲಸ ಹೋದರೆ ನನಗೂ ಸಿಗುವುದು ಅದೇ ಕಾರ್ಖಾನೆ. ಇದೆಲ್ಲ ನಿಜ. ಆದರೆ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಅಮ್ಮನಲ್ಲ. ಒಂದು ವರ್ಷ ನಾನು ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದ ಅಕ್ಕನ ಬೆರಳುಗಳು ನೆನಪಾದವು, ಮತ್ತು ಹೆದರಿಕೆಯಾಯಿತು.

"ಹೌದು ಸಿಸ್ಟರ್," ಎಂದೆ.

ಅಕ್ಕ ಕಡೆಯ ದಿನ ಇಸ್ತ್ರಿಪೆಟ್ಟಿಗೆಯ ಬೂದಿ ಚೆಲ್ಲಿ, ಒರೆಸಿ, ಕಪಾಟಿನಲ್ಲಿಟ್ಟಳು. ಹೋಗುವಾಗ ನನ್ನ ಹತ್ತಿರ ಬಂದು, "ನೀವಾದರೂ ಉಳಿದಿರಲ್ಲ ಬಾಯಮ್ಮ, ಅಷ್ಟು ಸಾಕು," ಎಂದಳು. ಅದರಲ್ಲಿ ಕೊಂಕು ಇತ್ತೋ ಎಂದು ನಾನು ಬಹಳ ಹುಡುಕಿದ್ದೇನೆ. ಇರಲಿಲ್ಲ.

ಕುಲಶೇಖರದಿಂದ ಕಾನ್ವೆಂಟಿಗೆ ಬರುವ ಹತ್ತಿರದ ದಾರಿ ಅಕ್ಕ ಪುನಃ ಸೇರಿದ ಆ ಕಾರ್ಖಾನೆಯ ಗೇಟಿನ ಎದುರಿನಿಂದ ಹಾದು ಬರುತ್ತದೆ. ಬೆಳಿಗ್ಗೆ ನಾನು ಬರುವ ಹೊತ್ತಿಗೇ ಹೆಂಗಸರು ಅಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದರು. ಆ ಸಣ್ಣ ಕೋಣೆಯಲ್ಲಿ ಕೆಲಸ ಮಾಡಿದಷ್ಟು ವರ್ಷವೂ ನಾನು ಅರ್ಧ ಗಂಟೆ ಮೊದಲು ಮನೆ ಬಿಟ್ಟು, ಗುಡ್ಡ ಸುತ್ತಿ ಬೇರೆ ದಾರಿಯಲ್ಲಿ ಬಂದೆ.